ಇಳಿತಿಲ್ಲ ಮಗಾ

ನಿಮ್ಮ ಕೇರಿಯಲ್ಲೂ ಅಂಥದೊಂದು ಮನೆ ಇದೆ, ನಿಮಗೆ ಗೊತ್ತು, ಅದು ನಿಮ್ಮದೇ ಇರಬಹುದು. ಹೆಗಲ ಮೇಲೆ ಬೈರಾಸು ಹಾಕಿಕೊಂಡು ಅಜ್ಜ ಜಗಲಿಯ ಮೂಲೆಯಲ್ಲಿ ಕೂತಿರುತ್ತಾರೆ. ಮೊದಲು ಮೀನು-ಅನ್ನ ಸಿಕ್ಕಿಕೊಂಡಿತು, ಆಮೇಲೆ ಕಲಸಿದ ಅನ್ನ, ಆಮೇಲೆ ಕುಚ್ಚಲಕ್ಕಿ ಗಂಜಿ, ಈಗ ಸ್ವಂತ ಎಂಜಲೂ ಇಳಿಯದೆ ಗಳಿಗೆಗೊಮ್ಮೆ ಬೈರಾಸಿಗೆ ಒರೆಸಿಕೊಳ್ಳುತ್ತಾರೆ. ಅನ್ನನಾಳದ ಗಡ್ಡೆ ದನಿಯ ನರವನ್ನೂ ಒತ್ತಿರುವುದರಿಂದ ಹೇಳುವುದೂ ಪಿಸುಮಾತಿನಲ್ಲೇ: ‘ಇಳಿತಿಲ್ಲ ಮಗಾ.’ ಹಸಿವಿಲ್ಲವೆಂದಲ್ಲ. ಇಳಿತಿಲ್ಲ.

ಅನ್ನನಾಳದ ಕ್ಯಾನ್ಸರ್, ಬಲಿತಿದೆ, ಗುಣವಾಗುವ ಹಂತ ದಾಟಿದೆ. ಇಷ್ಟು ಕೇಳಿದ್ದೇ ‘ಇನ್ನೆಂತದೂ ಮಾಡ್ಲಿಕ್ಕಿಲ್ಲ’ ಎಂದು ನೀವು ಫೈಲನ್ನು ಕಪಾಟಿಗೆ ಸೇರಿಸಿದಿರಿ. ಆದರೆ ಗುಣವಾಗದ ರೋಗ ಬೇರೆ, ಇಳಿಯದ ಗಂಜಿ ಬೇರೆ. ಎದೆ ಕೊಯ್ಯಬೇಕಿಲ್ಲ, ಕಟ್ಟಿಕೊಂಡ ಜಾಗದಲ್ಲಿ ಎಂಡೋಸ್ಕೋಪಿ ಮೂಲಕ ಲೋಹದ ಜಾಲರಿಯ ಕೊಳವೆ ಕೂರಿಸುತ್ತಾರೆ, ಅದು ತಾನೇ ಅರಳಿ ದಾರಿ ಬಿಡಿಸುತ್ತದೆ. ಅದೇ ಸ್ಟೆಂಟ್. ಎಷ್ಟೋ ಜನರಿಗೆ ಒಂದೆರಡು ದಿನದಲ್ಲಿ ಗಂಜಿ ಇಳಿಯುತ್ತದೆ. ಮೈಯಲ್ಲಿ ಇನ್ನೂ ಕಸುವಿದ್ದವರಿಗೆ ಅನ್ನನಾಳದ ಒಳಗಿನಿಂದಲೇ ವಿಕಿರಣ ಕೊಡುವ ಬ್ರಾಕಿಥೆರಪಿ ಉಂಟು. ನಿಧಾನ, ಆದರೆ ಆರಾಮ ಹೆಚ್ಚು ದಿನ. ಸ್ಟೆಂಟ್ ಜಾರುವುದೂ ಉಂಟು, ಎದೆನೋವು ಬರುವುದೂ ಉಂಟು, ಎಲ್ಲರಿಗೂ ಎಲ್ಲವೂ ಹೊಂದುವುದಿಲ್ಲ. ಯಾವುದೂ ಹೊಂದದವರಿಗೂ ನೋವಿಗೆ ಮಾರ್ಫಿನ್ ಉಂಟು, ಒಣಗಿದ ತುಟಿಗೆ ಒದ್ದೆ ಹತ್ತಿ ಉಂಟು. ಇಂಥವರಿಗೆಂದೇ ಮಣಿಪಾಲದ ಕೆಎಂಸಿ ಆಸ್ಪತ್ರೆಯಲ್ಲಿ ಉಪಶಮನ ಆರೈಕೆಯ ವಿಭಾಗವಿದೆ. ಕುಂದಾಪುರದಿಂದ ಸುಮಾರು 40 ಕಿಲೋಮೀಟರು, ಬ್ರಹ್ಮಾವರದಿಂದ ಇನ್ನೂ ಹತ್ತಿರ.

ನೀವು ಕಲ್ಲೆದೆಯವರಲ್ಲ. ಬೈಂದೂರು, ಕುಂದಾಪುರದ ಹುಡುಗರು ಬೆಂಗಳೂರು, ಮುಂಬಯಿಗಳಲ್ಲಿ ಹೋಟೆಲಿಟ್ಟು ಊರಿಗೆ ಊರನ್ನೇ ಉಣಿಸಿದ್ದಾರೆ. ಕೊಲ್ಲೂರಿನ ದೇವಸ್ಥಾನದಲ್ಲಿ ಗುರುತಿಲ್ಲದವರಿಗೂ ಎಲೆ ಹಾಕುತ್ತಾರೆ. ಮತ್ತು ಈ ಅಜ್ಜ ಹೋದ ಮೇಲೆ ಬೊಜ್ಜಕ್ಕೆ ಕೇರಿಯನ್ನೆಲ್ಲ ಕರೆದು, ಅವರಿಗಿಷ್ಟದ ಪದಾರ್ಥಗಳನ್ನೆಲ್ಲ ಮಾಡಿ ಎಡೆಯಿಟ್ಟು, ಕಾಗೆ ಮುಟ್ಟಲಿಲ್ಲವೆಂದು ಕಣ್ಣೊರೆಸಿಕೊಳ್ಳುವವರೂ ನಾವೇ. ಇವತ್ತು, ಬಾಯಿ ಇನ್ನೂ ಬೆಚ್ಚಗಿರುವಾಗ, ಇಳಿತಿಲ್ಲ ಎಂದದ್ದು ಕೇಳಿಸಲಿಲ್ಲವೇ? ಹೊಗೆಸೊಪ್ಪು ಜಗಿದದ್ದಕ್ಕೆ ಅನುಭವಿಸಲಿ ಎಂದು ಯಾರೋ ಅನ್ನುತ್ತಾರೆ. (ಹೊಗೆಸೊಪ್ಪು, ಹೆಂಡ ಕಾರಣಗಳಲ್ಲಿ ಸೇರಿವೆ, ನಿಜ, ಹಸಿದವರೆದುರು ಲೆಕ್ಕ ಓದುವುದು ಮಾತ್ರ ನಮ್ಮ ಪದ್ಧತಿಯಲ್ಲ.)

ಆ ಫೈಲು ತೆಗೆಯಿರಿ. ಗುಣವಾಗುತ್ತದೆಯೇ ಎಂಬುದನ್ನು ಆಗಲೇ ಕೇಳಿದ್ದೀರಿ. ‘ಡಾಕ್ಟ್ರೇ, ಒಂದು ಲೋಟ ಗಂಜಿ ಇಳಿಯುವ ಹಾಗೆ ಮಾಡ್ಲಿಕ್ಕೆ ಆಗ್ತದಾ?’ ಎಂದು ಈಗ ಕೇಳಿ. ಹಬ್ಬ ಕಳೆಯಲಿ, ಮಗ ಮುಂಬಯಿಯಿಂದ ಬರಲಿ ಅನ್ನಬೇಡಿ. ತೀರ ಸೊರಗಿದ ಮೈಗೆ ಯಾವ ಚಿಕಿತ್ಸೆಯೂ ಕಷ್ಟ. ಅಜ್ಜ ಜಗಲಿಯಲ್ಲೇ ಇದ್ದಾರೆ. ಲೋಟದಲ್ಲಿ ಗಂಜಿತಿಳಿ ಕೆನೆಗಟ್ಟಿದೆ.