ಹಚ್ಚೆ ಯಂತ್ರಕ್ಕೂ ಒಂದು ಮಾನದಂಡ ಬೇಕು

ಕಾಯಿಲ್ ಇರುವ ಹಚ್ಚೆ ಯಂತ್ರವನ್ನು ಬಿಚ್ಚಿದರೆ ಒಳಗೆ ಕಾಣುವುದು ಹಳೆಯ ವಿದ್ಯುತ್ ಕರೆಗಂಟೆಯ ವ್ಯವಸ್ಥೆಯೇ. ಕರೆಂಟ್ ಹರಿದಾಗ ತಾಮ್ರದ ಸುರುಳಿಗಳು ಅಯಸ್ಕಾಂತವಾಗಿ ಕಬ್ಬಿಣದ ಪಟ್ಟಿಯೊಂದನ್ನು ಕೆಳಕ್ಕೆಳೆಯುತ್ತವೆ. ಎಳೆದ ಕೂಡಲೇ ಸಂಪರ್ಕ ಕಡಿದುಹೋಗಿ ಸ್ಪ್ರಿಂಗ್ ಅದನ್ನು ಮೇಲೆತ್ತುತ್ತದೆ; ಮತ್ತೆ ಸಂಪರ್ಕ, ಮತ್ತೆ ಎಳೆತ. ಗಂಟೆಗೆ ಬಡಿಯುವ ಸುತ್ತಿಗೆಯ ಜಾಗದಲ್ಲಿ ಇಲ್ಲಿ ಸೂಜಿಯಿದೆ. ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಅದು ಚರ್ಮಕ್ಕಿಳಿದು ಮೇಲೇಳುತ್ತದೆ.

ಹಚ್ಚೆ ಯಂತ್ರದ ಮೂಲ ಒಂದು ಕಚೇರಿ ಸಾಧನ. ಕಾಗದಗಳ ಪ್ರತಿ ತೆಗೆಯಲೆಂದು ಥಾಮಸ್ ಎಡಿಸನ್ 1876ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಪೆನ್ನನ್ನು ಆಧರಿಸಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ 1891ರಲ್ಲಿ ಹಚ್ಚೆ ಯಂತ್ರದ ಪೇಟೆಂಟ್ ಪಡೆದ. ಅದೇ ಊರಿನ ಚಾರ್ಲಿ ವ್ಯಾಗ್ನರ್ 1904ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ. ಆಮೇಲೆ ಬಹುಕಾಲ ಮೂಲ ವಿನ್ಯಾಸ ಹೆಚ್ಚು ಬದಲಾಗಲೇ ಇಲ್ಲ. ನೋವು ಹಚ್ಚೆಯ ಜೊತೆಗೇ ಬರುವಂಥದ್ದು ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು.

ನೋವನ್ನು ಪೂರ್ತಿ ಇಲ್ಲವಾಗಿಸಲು ಆಗದು, ನಿಜ. ಮೇಲ್ಚರ್ಮ ಸದಾ ಉದುರಿ ಹೊಸದಾಗುತ್ತದೆ. ಅಲ್ಲಿ ನಿಂತ ಬಣ್ಣ ಕೆಲವೇ ವಾರಗಳಲ್ಲಿ ಹೋಗುತ್ತದೆ. ಒಂದೆರಡು ಮಿಲಿಮೀಟರ್ ಕೆಳಗಿನ ಒಳಚರ್ಮಕ್ಕೆ ಬಣ್ಣ ತಲುಪಲೇಬೇಕು, ನೋವು ತಿಳಿಸುವ ನರಗಳ ತುದಿಗಳೂ ಅಲ್ಲಿಯೇ ಇವೆ. ಒಳಗೆ ಹೋದ ಬಣ್ಣದ ಕಣಗಳನ್ನು ರೋಗನಿರೋಧಕ ವ್ಯವಸ್ಥೆಯ ಮ್ಯಾಕ್ರೋಫೇಜ್ ಕೋಶಗಳು ನುಂಗಿ ಹಿಡಿದಿಡುತ್ತವೆ. ಒಂದು ಕೋಶ ಸತ್ತು ಬಣ್ಣ ಬಿಟ್ಟರೆ ಇನ್ನೊಂದು ಬಂದು ನುಂಗುತ್ತದೆ ಎಂಬುದನ್ನು ಫ್ರಾನ್ಸಿನ ಮಾರ್ಸೇಯ ಸಂಶೋಧಕರು 2018ರಲ್ಲಿ ಇಲಿಗಳಲ್ಲಿ ತೋರಿಸಿದರು. ಸೂಜಿ ಇನ್ನೂ ಆಳಕ್ಕಿಳಿದರೆ ಬಣ್ಣ ಕೊಬ್ಬಿನ ಪದರ ಸೇರಿ ಗೆರೆಯ ಸುತ್ತ ನೀಲಿ ಮಸುಕಾಗಿ ಹರಡುತ್ತದೆ.

ಹಾಗಾದರೆ ಯಂತ್ರ ಏನು ಮಾಡಬಲ್ಲದು? ಒಂದೇ ಜಾಗವನ್ನು ಎಷ್ಟು ಸಲ ಚುಚ್ಚಬೇಕು ಎಂಬುದನ್ನು ಕಡಿಮೆ ಮಾಡಬಲ್ಲದು. ಗುಟ್ಟೆಲ್ಲ ಅಲ್ಲಿದೆ. ಬಣ್ಣ ಹಿಡಿಯಲಿಲ್ಲವೆಂದು ಅದೇ ಗೆರೆಯ ಮೇಲೆ ಮೂರು ನಾಲ್ಕು ಸಲ ಸೂಜಿ ಓಡಿಸಿದಾಗ ಚರ್ಮ ಜಜ್ಜಿಹೋಗುತ್ತದೆ, ರಸ ಒಸರುತ್ತದೆ, ಗಾಯ ಮಾಯುವಾಗ ಕಲೆ ಉಳಿಯುತ್ತದೆ. ಗಾಯದ ಗುರುತು ಉಬ್ಬಿ ಬೆಳೆಯುವ ಕೀಲಾಯ್ಡ್ ಕಪ್ಪು, ಕಂದು ಚರ್ಮದವರಲ್ಲಿ ಹೆಚ್ಚು. ಆದ್ದರಿಂದ ಈ ಮಾತು ನಮ್ಮವರಿಗೆ ಇನ್ನಷ್ಟು ಅನ್ವಯಿಸುತ್ತದೆ.

ಕಾಯಿಲ್ ಇಲ್ಲದ ರೋಟರಿ ಯಂತ್ರಗಳಲ್ಲಿ ಪುಟ್ಟ ಮೋಟಾರೊಂದು ಕೇಂದ್ರ ತಪ್ಪಿಸಿದ ಚಕ್ರವನ್ನು ತಿರುಗಿಸಿ ಸೂಜಿಯನ್ನು ಆಡಿಸುತ್ತದೆ. ಕೆಲವು ಮಾದರಿಗಳಲ್ಲಿ ಸೂಜಿಗೂ ಮೋಟಾರಿಗೂ ನಡುವೆ ಒಂದು ಮೆತ್ತನೆಯ ಸ್ಪ್ರಿಂಗ್ ಇರುತ್ತದೆ. ಚರ್ಮ ಗಟ್ಟಿಯಾಗಿ ತಡೆದಲ್ಲಿ ಹೊಡೆತ ತುಸು ಬಾಗಿಕೊಡುತ್ತದೆ. ಕಂಪನ ಕಡಿಮೆ, ತೂಕವೂ ಕಡಿಮೆ. ಅದರಿಂದ ಕಲಾವಿದರ ಕೈ ಬೇಗ ಸೋಲುವುದಿಲ್ಲ, ಮೂರನೇ ಗಂಟೆಯಲ್ಲೂ ಗೆರೆ ನಡುಗುವುದಿಲ್ಲ. ಅಗಲ ಜಾಗಕ್ಕೆ ಬಣ್ಣ ತುಂಬುವ ಸೂಜಿಗಳ ಸಾಲನ್ನು ತುದಿಯಲ್ಲಿ ಬಿಲ್ಲಿನಂತೆ ಬಾಗಿಸಿದ್ದು ಇನ್ನೊಂದು ಸಣ್ಣ ಜಾಣತನ: ಅಂಚಿನ ಸೂಜಿಗಳು ಚರ್ಮವನ್ನು ಕೊಯ್ಯುವುದು ತಪ್ಪುತ್ತದೆ. ಸೂಜಿಯನ್ನು ಪ್ಲಾಸ್ಟಿಕ್ ಕವಚದಲ್ಲಿ ಹುದುಗಿಸಿದ ಕಾರ್ಟ್ರಿಜ್‌ಗಳಲ್ಲಿ, ಅವು ಒಳ್ಳೆಯ ದರ್ಜೆಯವಾದರೆ, ತೆಳುವಾದ ರಬ್ಬರ್ ಪೊರೆಯಿರುತ್ತದೆ. ರಕ್ತ ಬೆರೆತ ಶಾಯಿ ಯಂತ್ರದೊಳಕ್ಕೆ ಹಿಂದಿರುಗದಂತೆ ಅದು ತಡೆಯುತ್ತದೆ. ಅಗ್ಗದ ಕಾರ್ಟ್ರಿಜ್‌ನಲ್ಲಿ ಮೊದಲು ಕಾಣೆಯಾಗುವುದೂ ಇದೇ.

ಇಷ್ಟೆಲ್ಲ ಇದ್ದೂ, ನೋವು ತಗ್ಗಿಸುವ ಹೆಸರಲ್ಲಿ ಜೋರಾಗಿ ಮಾರಾಟವಾಗುತ್ತಿರುವುದು ಚರ್ಮ ಮರಗಟ್ಟಿಸುವ ಮುಲಾಮು. ಇದು ಅಪಾಯದ ದಾರಿ. ವೈದ್ಯರ ಚೀಟಿಯಿಲ್ಲದೆ ಮಾರುವ ಮುಲಾಮುಗಳಲ್ಲಿ ಮರಗಟ್ಟಿಸುವ ಔಷಧವಾದ ಲಿಡೋಕೇನ್ ಶೇ 4ನ್ನು ಮೀರಬಾರದು, ಮೀರಿದ್ದನ್ನು ದೊಡ್ಡ ಜಾಗಕ್ಕೆ ಬಳಿದರೆ ಹೃದಯ ಬಡಿತ ತಾಳ ತಪ್ಪಬಹುದು, ಫಿಟ್ಸ್ ಬರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಎಚ್ಚರಿಸಿತು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಮುಲಾಮು ಚರ್ಮದ ಹಾನಿಯನ್ನು ಕಿಂಚಿತ್ತೂ ಕಡಿಮೆ ಮಾಡುವುದಿಲ್ಲ. ಗಿರಾಕಿ ನೋವೆಂದು ಕೈ ಎಳೆದುಕೊಳ್ಳುವುದನ್ನು ಮಾತ್ರ ನಿಲ್ಲಿಸುತ್ತದೆ. ಕೆಟ್ಟ ಯಂತ್ರ ಆಗ ಇನ್ನಷ್ಟು ನಿರಾತಂಕವಾಗಿ ಚರ್ಮವನ್ನು ಅಗೆಯುತ್ತದೆ.

ಕರ್ನಾಟಕದಲ್ಲಿ ಹಚ್ಚೆ ಹೊಸದಲ್ಲ. ಕೊರವಂಜಿಯರು ಮನೆಬಾಗಿಲಿಗೆ ಬಂದು ಹೆಂಗಸರ ಮುಂಗೈಗೆ ಸೂಜಿಯಿಂದಲೇ ಹಚ್ಚೆ ಹೊಯ್ಯುತ್ತಿದ್ದರು. ಈಗ ಜಾತ್ರೆಗಳಲ್ಲಿ ಬ್ಯಾಟರಿಗೆ ಸಿಕ್ಕಿಸಿದ ಯಂತ್ರ ಒಂದು ಕೈಯಿಂದ ಇನ್ನೊಂದು ಕೈಗೆ ಸಾಗುತ್ತದೆ, ಕೆಲವೊಮ್ಮೆ ಅದೇ ಸೂಜಿಯೊಂದಿಗೆ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡಲು ಅಷ್ಟು ಸಾಕು. ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವಂತಿಲ್ಲ ಎಂಬ ನಿಯಮ ದೇಶದಲ್ಲಿರುವುದು ಈ ಕಾರಣಕ್ಕೇ. 2025ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ಹಚ್ಚೆ ಶಾಯಿಯಲ್ಲಿ 22 ಲೋಹಗಳು ಪತ್ತೆಯಾದುದನ್ನು ಮುಂದಿಟ್ಟು ಕಟ್ಟುನಿಟ್ಟಿನ ನಿಯಮ ಬೇಕೆಂದಿತು. ಸ್ವಾಗತಿಸಬೇಕಾದ ಹೆಜ್ಜೆ. ಆದರೆ ಚರ್ಚೆ ಶಾಯಿಯ ಬಾಟಲಿಯ ಬಳಿಯೇ ನಿಂತುಬಿಟ್ಟರೆ ಸಾಲದು. ಆ ಶಾಯಿಯನ್ನು ಚರ್ಮದೊಳಕ್ಕೆ ಇಳಿಸುವ ಯಂತ್ರವನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ತರಿಸಿ ಮರುದಿನವೇ ಅಂಗಡಿ ತೆರೆಯಬಹುದು.

ಬೇರೆ ದಾರಿಗಳೂ ಕಾಣುತ್ತಿವೆ. ಅಮೆರಿಕದ ವಿಶ್ವವಿದ್ಯಾಲಯ ಜಾರ್ಜಿಯಾ ಟೆಕ್‌ನ ಮಾರ್ಕ್ ಪ್ರಾಸ್ನಿಟ್ಜ್ ತಂಡ 2022ರಲ್ಲಿ ಮರಳ ಕಣಕ್ಕಿಂತ ಸಣ್ಣದಾದ, ಚರ್ಮದಲ್ಲೇ ಕರಗುವ ಸೂಜಿಗಳ ಪಟ್ಟಿಯಿಂದ ಹೆಚ್ಚುಕಡಿಮೆ ನೋವಿಲ್ಲದೆ ಹಚ್ಚೆ ಮೂಡಿಸಿತು. ಕ್ಯಾನ್ಸರ್ ರೋಗಿಗೆ ವಿಕಿರಣ ಕೊಡುವ ಜಾಗ ಗುರುತಿಸುವ ಚುಕ್ಕೆಗಳಿಗೆ ಇದು ಒಗ್ಗೀತು. ತೊನ್ನಿನ ಬಿಳಿ ಮಚ್ಚೆಗೆ ಚರ್ಮವೈದ್ಯರು ಬಣ್ಣ ತುಂಬುವುದೂ ಹಚ್ಚೆಯ ಕೆಲಸವೇ. ನೋವು ಕಡಿಮೆ ಮಾಡುವ ಈ ಎಂಜಿನಿಯರಿಂಗ್ ಶೋಕಿಯವರಿಗಷ್ಟೇ ಬೇಕಾದದ್ದು ಎನ್ನುವವರು ಆ ರೋಗಿಗಳನ್ನೊಮ್ಮೆ ನೆನೆಯಬೇಕು.

ಸರ್ಕಾರ ನಿಯಮ ಬರೆಯುವಾಗ ಯಂತ್ರದ ಬಗ್ಗೆಯೂ ಮೂರು ಸಾಲು ಸೇರಿಸಲಿ: ಪೊರೆಯಿರುವ ಕಾರ್ಟ್ರಿಜ್ ಕಡ್ಡಾಯ, ಅದನ್ನು ಗಿರಾಕಿಯ ಕಣ್ಣೆದುರೇ ಬಿಚ್ಚಬೇಕು, ಸೂಜಿ ಎಷ್ಟು ಹೊರಚಾಚುತ್ತದೆ ಎಂಬುದಕ್ಕೆ ಮಿತಿಯಿರಬೇಕು. ಪರೀಕ್ಷೆಗೆ ದುಬಾರಿ ಪ್ರಯೋಗಾಲಯವೇನೂ ಬೇಕಿಲ್ಲ. ಸಿಲಿಕೋನ್ ಚರ್ಮದ ತುಂಡು, ಬಲ ಅಳೆಯುವ ಸೆನ್ಸರ್, ವೇಗದ ಕ್ಯಾಮೆರಾ ಇದ್ದರೆ ನಮ್ಮ ಯಾವುದೇ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗ ಸೂಜಿಯ ಆಳ, ಹೊಡೆತ, ಕಂಪನಗಳನ್ನು ಅಳೆದು ಕೊಡಬಲ್ಲದು.