ಕಕ್ಕುವುದು ಬೇರೆ, ವಾಂತಿ ಬೇರೆ

ನಾನು ಮನುಷ್ಯರ ವೈದ್ಯ, ಪಶುವೈದ್ಯನಲ್ಲ. ಆದರೂ ಇಲ್ಲಿ ಅಮೆರಿಕದಲ್ಲಿ ಕನ್ನಡಿಗರ ಮನೆಗಳಿಗೆ ಊಟಕ್ಕೆ ಹೋದಾಗ, ಮಾತು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ದಾಟಿ ಆ ಮನೆಯ ನಾಯಿಯ ಆರೋಗ್ಯದತ್ತ ಹೊರಳುವುದುಂಟು. ಮಕ್ಕಳು ಕಾಲೇಜಿಗೆ ಹೊರಟುಹೋದ ಮೇಲೆ ಎಷ್ಟೋ ದಂಪತಿಗಳಿಗೆ ಬಾಗಿಲಲ್ಲಿ ಕಾಯುವ ಜೀವ ಅದೊಂದೇ. ‘ತಿಂದದ್ದನ್ನೆಲ್ಲ ವಾಂತಿ ಮಾಡುತ್ತದೆ’ ಎಂದು ಅವರು ಹೇಳಿದಾಗ ನಾನು ಮೊದಲು ಕೇಳುವುದು ಇಷ್ಟೇ: ಅದು ವಾಂತಿಯೋ, ಕಕ್ಕುವುದೋ?

ಈ ಭೇದ ಕೇವಲ ಶಬ್ದದ್ದಲ್ಲ. ವಾಂತಿಗೆ ಮುನ್ನ ನಾಯಿ ಜೊಲ್ಲು ಸುರಿಸುತ್ತದೆ, ಓಕರಿಸುತ್ತದೆ, ಅದರ ಹೊಟ್ಟೆ ಹಿಂಡಿಕೊಳ್ಳುತ್ತದೆ. ಕಕ್ಕುವಾಗ ಈ ಶ್ರಮವಿಲ್ಲ. ತಲೆ ಬಗ್ಗಿಸಿದೊಡನೆ ಜೀರ್ಣವಾಗದ ಆಹಾರ ಜಾರಿ ಬೀಳುತ್ತದೆ. ಇದು ಪದೇಪದೇ ಆದರೆ ತೊಂದರೆ ಜಠರದ್ದಲ್ಲ, ಅನ್ನನಾಳದ್ದೆಂದು ಶಂಕಿಸಬೇಕು. ಅಂಥ ಒಂದು ತೊಂದರೆ ‘ಮೆಗಾಈಸೊಫೇಗಸ್’. ಇದರಲ್ಲಿ ಅನ್ನನಾಳ ಹಿಗ್ಗಿ, ಸಡಿಲವಾದ ಚೀಲದಂತಾಗಿ, ಆಹಾರವನ್ನು ಕೆಳಗೆ ತಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಮುಂತಾದ ತಳಿಗಳ ಮರಿಗಳಲ್ಲಿ ಇದು ಹುಟ್ಟಿನಿಂದಲೇ ಬರಬಹುದು. ಬೆಳೆದ ನಾಯಿಗಳಲ್ಲಿ ಮಯಸ್ತೇನಿಯಾ ಗ್ರೇವಿಸ್, ಆಡಿಸನ್ ಕಾಯಿಲೆಗಳು ಕಾರಣವಾಗಬಹುದು. ಮನುಷ್ಯನ ಅನ್ನನಾಳದ ಕೆಳಭಾಗದಲ್ಲಿರುವುದು ನಯಸ್ನಾಯು; ನಾಯಿಯದಾದರೋ ಉದ್ದಕ್ಕೂ ಕೈಕಾಲುಗಳಲ್ಲಿರುವಂಥ ಪಟ್ಟೆಸ್ನಾಯು. ಆದುದರಿಂದಲೇ ಪಟ್ಟೆಸ್ನಾಯುಗಳನ್ನು ದುರ್ಬಲಗೊಳಿಸುವ ಮಯಸ್ತೇನಿಯಾ ನಾಯಿಯ ನುಂಗುವಿಕೆಯನ್ನು ಇಷ್ಟು ಸುಲಭವಾಗಿ ಕೆಡಿಸುತ್ತದೆ. ಮೂಲರೋಗ ಪತ್ತೆಯಾಗಿ ಚಿಕಿತ್ಸೆ ದೊರೆತರೆ ಕೆಲವು ನಾಯಿಗಳ ಅನ್ನನಾಳ ಚೇತರಿಸಿಕೊಳ್ಳುವುದೂ ಉಂಟು.

ಹೊಟ್ಟೆ ಕೆಟ್ಟಿದೆಯೆಂದು ಭಾವಿಸಿ ಆಹಾರ ಬದಲಿಸುತ್ತ, ಆಮ್ಲಶಾಮಕ ಕೊಡುತ್ತ ವಾರಗಳನ್ನು ಕಳೆಯುವುದು ಅಪಾಯಕರ. ಅಷ್ಟರಲ್ಲಿ ನಾಯಿ ಸೊರಗುತ್ತದೆ. ಕಕ್ಕಿದ ಅಂಶ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಿ ಜೀವಕ್ಕೇ ಕುತ್ತು. ಕೆಮ್ಮು, ಜ್ವರ, ಏದುಸಿರು ಕಂಡರೆ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಹಿಗ್ಗಿದ ಅನ್ನನಾಳ ಬಹುಮಟ್ಟಿಗೆ ಎದೆಯ ಸಾಧಾರಣ ಎಕ್ಸ್‌ರೇಯಲ್ಲೇ ಕಾಣುತ್ತದೆ.

ಹಾಲು ಕುಡಿದ ಹಸುಗೂಸನ್ನು ಹೆಗಲಿಗೆ ಹಾಕಿಕೊಂಡು ನೆಟ್ಟಗೆ ಹಿಡಿಯಬೇಕೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲವೇ? ಈ ನಾಯಿಗಳ ಆರೈಕೆಯ ತಿರುಳೂ ಅದೇ. ನಾಲ್ಕು ಕಾಲಿನ ಮೇಲೆ ನಿಂತ ನಾಯಿಯ ಅನ್ನನಾಳ ಹೆಚ್ಚುಕಡಿಮೆ ಅಡ್ಡಲಾಗಿರುತ್ತದೆ. ನೆಟ್ಟಗೆ ಕೂರಿಸಿದರೆ ಸ್ನಾಯು ಮಾಡದ ಕೆಲಸವನ್ನು ಗುರುತ್ವಾಕರ್ಷಣೆ ಮಾಡುತ್ತದೆ. ಇದಕ್ಕಾಗಿಯೇ ‘ಬೈಲಿ ಕುರ್ಚಿ’ ಎಂಬ ಆಸನವಿದೆ. ಅಳತೆ ಕೊಟ್ಟರೆ ಊರಿನ ಬಡಗಿಯೂ ಮಾಡಬಲ್ಲ. ಅದರಲ್ಲಿ ಕೂರಿಸಿ ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಉಣಿಸಿ, ಪ್ರತಿ ಸಲವೂ ಸುಮಾರು 20 ನಿಮಿಷ ಹಾಗೆಯೇ ಇರಿಸಬೇಕು. ಗಂಜಿಯೋ ಉಂಡೆಯೋ, ಯಾವುದು ಒಗ್ಗುತ್ತದೆಂಬುದು ನಾಯಿಯಿಂದ ನಾಯಿಗೆ ಬೇರೆ.

ರೋಗದ ಹೆಸರು ಕೇಳಿದೊಡನೆ ದಯಾಮರಣದ ಮಾತೆತ್ತುವುದು ಆತುರವೆಂಬುದು ನನ್ನ ಅಭಿಪ್ರಾಯ. ಮತ್ತೆಮತ್ತೆ ನ್ಯುಮೋನಿಯಾ ಬಂದು ನರಳುವ ಜೀವಕ್ಕೆ ಅದೂ ಕರುಣೆಯೇ ಇರಬಹುದು. ಆದರೆ ಮೂಲರೋಗವನ್ನು ಹುಡುಕದೆ, ಕೆಲವು ವಾರಗಳಾದರೂ ನೆಟ್ಟಗೆ ಕೂರಿಸಿ ಉಣಿಸಿ ನೋಡದೆ ಆ ನಿರ್ಧಾರಕ್ಕೆ ಬರಬಾರದು. ಈ ಆರೈಕೆ ದಿನದಿನದ ದುಡಿಮೆ, ನಿಜ. ಆದರೆ ಹೀಗೆ ಉಂಡು ವರ್ಷಗಟ್ಟಲೆ ನೆಮ್ಮದಿಯಾಗಿ ಬಾಳುವ ನಾಯಿಗಳಿವೆ.

ನಿಮ್ಮ ನಾಯಿ ಇಂದು ತಿಂದದ್ದನ್ನು ಹೊರಹಾಕಿದರೆ ಗದರಿಸಬೇಡಿ. ಇನ್ನೊಮ್ಮೆ ಆದಾಗ ಮೊಬೈಲಿನಲ್ಲಿ ಚಿತ್ರೀಕರಿಸಿ ಪಶುವೈದ್ಯರಿಗೆ ತೋರಿಸಿ. ವಾಂತಿಯೋ, ಕಕ್ಕುವುದೋ ಎಂದು ಅವರು ತಿಳಿಯಲು ಆ ಅರ್ಧ ನಿಮಿಷದ ದೃಶ್ಯ ಬಹಳ ನೆರವಾಗುತ್ತದೆ.