ಮಗುವಿನ ಕೈಗೆ ಅಡಿಕೆ ಹಾಳೆಯನ್ನೂ ಕೊಡಿರಿ

ಪ್ರತಿ ವರ್ಷ ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ನಮ್ಮ ಮಕ್ಕಳು ಬಾಲೆ ಮರಿಯಳಿಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಅದರ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಸೇವಿಸುತ್ತೇವೆ. ಹೂ ಎಲ್ಲಿಂದ ಬಂತೆಂದು ಮಗುವಿಗೆ ಗೊತ್ತು, ಅದೇ ಕೊಯ್ದು ತಂದಿರುತ್ತದೆ. ತೆನೆ ಎಲ್ಲಿಂದ ಬಂತು? ಹೆಚ್ಚಿನ ಮಕ್ಕಳ ಉತ್ತರ ‘ಇಗರ್ಜಿಯಿಂದ’ ಎಂದೇ. ಗದ್ದೆಗಳು ತೋಟಗಳಾಗಿ, ಮನೆಯ ನಿವೇಶನಗಳಾಗಿ ಮಾರ್ಪಟ್ಟ ಊರುಗಳಲ್ಲಿ ಹಬ್ಬದ ತೆನೆಯನ್ನು ಹುಡುಕಿ ತರಬೇಕಾಗಿರುವಾಗ ಮಗುವಿನದು ತಪ್ಪು ಉತ್ತರವೆನ್ನಲೂ ಸಾಧ್ಯವಿಲ್ಲ.

ಕಾಸರಗೋಡಿನಲ್ಲಿ ಹುಟ್ಟಿದ ಮಗುವಿಗೆ ಕೃಷಿಯನ್ನು ಕಲಿಸಬೇಕೇ ಎಂದು ಕೆಲವರು ಕೇಳಬಹುದು. ಸುತ್ತಮುತ್ತ ಅಡಿಕೆ, ತೆಂಗು, ಗೇರು, ಕರಿಮೆಣಸು ಇರುವುದು ನಿಜ. ಆದರೆ ಬೆಳಿಗ್ಗೆ ಶಾಲೆಯ ವಾಹನವೇರಿ ಸಂಜೆ ಮೊಬೈಲಿನ ಮುಂದೆ ಕುಳಿತುಕೊಳ್ಳುವ ಮಗುವಿಗೆ ತೋಟವೆಂದರೆ ಕಿಟಕಿಯಾಚೆಗಿನ ಹಸಿರು ಮಾತ್ರ. ಹಿಂಗಾರ ಬಿಡುವುದನ್ನು ಅದು ಕಂಡಿಲ್ಲ, ನೇಜಿಯನ್ನು ಮುಟ್ಟಿಲ್ಲ.

ಈ ಕೊರತೆಯನ್ನು ನೀಗಿಸಲು ಪ್ರಯತ್ನಗಳು ನಡೆಯದೆ ಇಲ್ಲ. ಊರೂರುಗಳಲ್ಲಿ ‘ಕೆಸರಿನಲ್ಲಿ ಒಂದು ದಿನ’ ನಡೆಯುತ್ತದೆ. ಶಾಲೆಗಳು ಮಕ್ಕಳನ್ನು ಸಿ.ಪಿ.ಸಿ.ಆರ್.ಐ.ಗೆ ಕರೆದೊಯ್ಯುತ್ತವೆ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ ಆ ಸಂಸ್ಥೆ ನಮ್ಮ ಊರಿನಲ್ಲೇ ಇರುವುದು ನಮ್ಮ ಭಾಗ್ಯ. ಇವೆಲ್ಲ ಒಳ್ಳೆಯವೇ. ಆದರೆ ಕೆಸರಿನಲ್ಲಿ ಒಂದು ದಿನ ಆಡಿದ ಮಗು ಕಲಿಯುವುದು ಆಟವನ್ನು, ಬೇಸಾಯವನ್ನಲ್ಲ. ಬೇಸಾಯದ ಮೊದಲ ಪಾಠ ಕಾಯುವುದು. ಕಾಯುವ ಪಾಠವನ್ನು ಒಂದೇ ಭೇಟಿಯಲ್ಲಿ ಕಲಿಸಲಾಗದು.

ಆದುದರಿಂದ ನಮ್ಮ ಸಲಹೆ ಇಷ್ಟೇ: ಒಂದೇ ಹಿಡುವಳಿಗೆ, ಅದು ಅಜ್ಜನದಾಗಲಿ ನೆರೆಯವರದಾಗಲಿ, ಮಗುವನ್ನು ವರ್ಷಕ್ಕೆ ನಾಲ್ಕು ಬಾರಿ ಕರೆದೊಯ್ಯಿರಿ. ಜೂನ್–ಜುಲೈಯಲ್ಲಿ ನೇಜಿ ನೆಡುವಾಗ ಒಮ್ಮೆ, ಸೆಪ್ಟೆಂಬರಿನಲ್ಲಿ ತೆನೆ ಮೂಡಿದಾಗ ಮತ್ತೊಮ್ಮೆ. ಮೂರನೆಯದಾಗಿ ಡಿಸೆಂಬರ್–ಜನವರಿಯಲ್ಲಿ, ಕೊಯ್ದ ಅಡಿಕೆ ಅಂಗಳದಲ್ಲಿ ಹರಡಿರುವಾಗ. ಆ ಅಡಿಕೆ ಒಣಗಲು ಸುಮಾರು 40 ದಿನ ಬಿಸಿಲು ಬೇಕೆಂದು ತಿಳಿದ ಮಗು ಮಳೆಮೋಡ ಕಂಡ ರೈತನ ಆತಂಕವನ್ನು ಅರಿಯುತ್ತದೆ. ನಾಲ್ಕನೆಯದಾಗಿ ಏಪ್ರಿಲಿನಲ್ಲಿ, ಗೇರು ಹಣ್ಣಾಗಿ ಬಾವಿ ಬತ್ತುವ ಕಾಲದಲ್ಲಿ. ಮುರಕಲ್ಲಿನ ಗುಡ್ಡವನ್ನು ಅಡ್ಡವಾಗಿ ಕೊರೆದ ಸುರಂಗದಿಂದ ತೆಳ್ಳಗೆ ನೀರು ಇಳಿದು ಬರುವುದನ್ನು ಆಗ ಹೊರಗೆ ನಿಂತೇ ತೋರಿಸಿರಿ. ಒಂದೊಂದು ಹನಿಗೆ ನಮ್ಮ ಹಿರಿಯರು ಎಷ್ಟು ದುಡಿದರೆಂಬುದಕ್ಕೆ ಬೇರೆ ಉಪದೇಶ ಬೇಡ.

ಕಣ್ಣು ಕಂಡದ್ದು ಕೈಗೂ ಬರಬೇಕು. ಎಲ್.ಕೆ.ಜಿ., ಯು.ಕೆ.ಜಿ. ಎನ್ನುವಾಗಿನ ‘ಕೆ.ಜಿ.’ ಎಂದರೆ ಕಿಂಡರ್‌ಗಾರ್ಟನ್. ಜರ್ಮನ್ ಭಾಷೆಯಲ್ಲಿ ಇದಕ್ಕೆ ‘ಮಕ್ಕಳ ತೋಟ’ ಎಂದು ಅರ್ಥ. 1840ರಲ್ಲಿ ಈ ಹೆಸರಿಟ್ಟ ಫ್ರೋಬೆಲ್ ಎಂಬ ಶಿಕ್ಷಣತಜ್ಞ ಮಕ್ಕಳಿಗೆ ತಮ್ಮದೇ ಆದ ಸಣ್ಣ ಪಾತಿಗಳಿರಬೇಕೆಂದು ಬಯಸಿದ್ದ. ನಮ್ಮ ದೇಶದಲ್ಲಿ ಗಾಂಧೀಜಿಯವರು 1937ರಲ್ಲಿ ವಾರ್ಧಾದ ಸಮ್ಮೇಳನದಲ್ಲಿ ಕೈಕಸುಬಿನ ಮೂಲಕವೇ ವಿದ್ಯೆ ಸಾಗಬೇಕೆಂದರು. ನಾವಾದರೋ ಹೆಸರನ್ನು ಉಳಿಸಿಕೊಂಡು ತೋಟವನ್ನು ಬಿಟ್ಟುಬಿಟ್ಟಿದ್ದೇವೆ.

ಕೈಕೆಲಸಕ್ಕೆಂದು ಅಂಗಡಿಯಿಂದ ಬಣ್ಣದ ಕಾಗದ, ಥರ್ಮೋಕೋಲ್ ತರುವ ತಾಯಂದಿರು ಒಮ್ಮೆ ಹಿತ್ತಿಲನ್ನು ನೋಡಲಿ. ತೆಂಗಿನ ಗರಿಯಿಂದ ಗಿರಗಿಟ್ಟಿ, ಪೀಪಿ, ಹಾವು, ಚೆಂಡು, ಕರಟದಿಂದ ಸೌಟು, ಹಲಸಿನ ಎಲೆಯಿಂದ ಕಡುಬಿನ ಕೊಟ್ಟೆ, ಅಡಿಕೆ ಹಾಳೆಯಿಂದ ಮುಟ್ಟಾಳೆ, ಬೀಸಣಿಗೆ. ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ಅಕ್ಕ ಎಳೆದರೆ ಅದೇ ಬಂಡಿ. ಇವನ್ನು ಮಾಡಲು ಬಲ್ಲ ಅಜ್ಜ ಅಜ್ಜಿಯಂದಿರು ಮನೆಮನೆಗಳಲ್ಲಿ ಇನ್ನೂ ಇದ್ದಾರೆ. ಅವರ ಕೈಯ ವಿದ್ಯೆಯನ್ನು ಮಗುವಿನ ಕೈ ಪಡೆದುಕೊಳ್ಳದಿದ್ದರೆ ಅದು ಅವರೊಂದಿಗೇ ಮಣ್ಣಾಗುತ್ತದೆ.

ಇದರಲ್ಲಿ ಆರೋಗ್ಯದ ಲಾಭವೂ ಇದೆ. ತೋಟದಲ್ಲಿ ಬಿದ್ದ ಹಾಳೆಯಲ್ಲಿ, ಎಸೆದ ಕರಟದಲ್ಲಿ ಮಳೆನೀರು ನಿಂತರೆ ಡೆಂಗ್ಯೂ ಹರಡುವ ಸೊಳ್ಳೆ ಅಲ್ಲಿ ಮೊಟ್ಟೆಯಿಡುತ್ತದೆ. ಸುಮಾರು ಒಂದು ವಾರ–ಹತ್ತು ದಿನಗಳಲ್ಲಿ ಮರಿಗಳು ಸೊಳ್ಳೆಗಳಾಗಿ ಹಾರುತ್ತವೆ. ವಾರಕ್ಕೊಮ್ಮೆ ಹಿರಿಯರೊಡನೆ ಹಾಳೆ ಹೆಕ್ಕಿ ತರುವ ಮಗು ಆಟದ ಸಾಮಾನನ್ನೂ ತರುತ್ತದೆ, ಮನೆಯನ್ನೂ ಕಾಯುತ್ತದೆ. ಹಾಳೆಯ ಅಡಿಯಲ್ಲಿ ಹಾವು, ಚೇಳು ಇರಬಹುದಾದ ಕಾರಣ ಮೊದಲು ಕೋಲಿನಿಂದ ಸರಿಸಿ ನೋಡುವುದನ್ನು ಹಿರಿಯರು ಕಲಿಸಬೇಕು. ಕಾಲಿನಲ್ಲಿ ಗಾಯವಿದ್ದರೆ ಗದ್ದೆಯ ನೀರಿಗೆ ಇಳಿಸಬಾರದು, ಇಲಿಜ್ವರದ ಭಯವಿದೆ. ಮಣ್ಣಿನಲ್ಲಿ ಆಡಿದ ಮೇಲೆ ಸಾಬೂನಿನಿಂದ ಕೈಕಾಲು ತೊಳೆಯುವುದೂ ತೋಟದ ಪಾಠವೇ.

‘ನಮಗೆ ಗದ್ದೆಯೂ ಇಲ್ಲ, ತೋಟವೂ ಇಲ್ಲ’ ಎನ್ನುವವರಿಗೆ ನಮ್ಮ ಜಿಲ್ಲೆಯ ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರ ಉದಾಹರಣೆ ಸಾಕು. 650ಕ್ಕೂ ಹೆಚ್ಚು ನಾಟಿ ಭತ್ತದ ತಳಿಗಳನ್ನು ಉಳಿಸಿದ್ದಕ್ಕಾಗಿ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಅವರು ಆ ತಳಿಗಳನ್ನು ಬೆಳೆಸಿದ್ದು ವಿಶಾಲವಾದ ಬಯಲಿನಲ್ಲಲ್ಲ, ಮಣ್ಣು ತುಂಬಿದ ಚೀಲಗಳಲ್ಲಿ. ಚೀಲದಲ್ಲಿ ಭತ್ತ ಬೆಳೆಯುವುದಾದರೆ ಮನೆಯ ಜಗಲಿಯ ಪಕ್ಕದಲ್ಲಿಯೂ ಬೆಳೆಯುತ್ತದೆ. ಜೂನಿನಲ್ಲಿ ಮಗುವಿನ ಕೈಯಿಂದಲೇ ಒಂದು ಹಿಡಿ ಬೀಜ ಹಾಕಿಸಿರಿ. ಬಿತ್ತುವವನ ಸಾಮತಿಯನ್ನು ಅದಕ್ಕೆ ಮತ್ತೆ ವಿವರಿಸಬೇಕಾಗಿಲ್ಲ.

ಇನ್ನೊಂದು ಮಾತನ್ನು ಹೇಳದೆ ಬಿಟ್ಟರೆ ಈ ಜಿಲ್ಲೆಯಲ್ಲಿ ಕೃಷಿಯ ವಿಷಯ ಪೂರ್ತಿಯಾಗದು. 1970ರ ದಶಕದ ಕೊನೆಯಿಂದ 2000ದ ತನಕ ಇಲ್ಲಿಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆ, ಬೆಳ್ಳೂರು, ಮುಳಿಯಾರು ಮುಂತಾದ ಕಡೆಗಳಲ್ಲಿ ಸಾವಿರಾರು ಕುಟುಂಬಗಳು ಅದರ ಫಲವನ್ನು ಇಂದಿಗೂ ಹೊತ್ತಿವೆ. ಆ ಫಲವನ್ನು ಮೊದಲು ಉಂಡವರು ಮಕ್ಕಳು. ಸುಪ್ರೀಂ ಕೋರ್ಟು ದೇಶದಲ್ಲಿ ಆ ವಿಷವನ್ನು ತಡೆದದ್ದು 2011ರಲ್ಲಿ. ಹೆಲಿಕಾಪ್ಟರ್ ಬಂದಾಗ ಮಕ್ಕಳು ಅಂಗಳಕ್ಕೆ ಓಡಿ ಬಂದು ತಲೆಯೆತ್ತಿ ನೋಡುತ್ತಿದ್ದ ಕಾಲವದು. ಕೆಳಗೆ ಬೀಳುತ್ತಿರುವುದೇನು, ಅದು ಯಾವ ತೋಡಿಗೆ, ಯಾವ ಸುರಂಗಕ್ಕೆ ಇಳಿಯುತ್ತದೆ ಎಂದು ಅವರಿಗೆ ಹೇಳಿದವರಿರಲಿಲ್ಲ.

ಆದುದರಿಂದ ಮಗುವಿಗೆ ಹೂ ಹಣ್ಣುಗಳ ಚಂದವನ್ನಷ್ಟೇ ತೋರಿಸಿದರೆ ಸಾಲದು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ದ್ರಾವಣ ಬಿಡುವುದೇಕೆ, ಆ ದಿನ ಮಕ್ಕಳು ತೋಟಕ್ಕೆ ಬರಬಾರದೇಕೆ, ಔಷಧಿಯ ಖಾಲಿ ಡಬ್ಬಿಯನ್ನು ಮುಟ್ಟಬಾರದೇಕೆ ಎಂಬುದನ್ನು ಅದರ ವಯಸ್ಸಿಗೆ ತಕ್ಕಂತೆ ಹೇಳಿರಿ. ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂದು ಬಲ್ಲ ಮಗು ನಾಳೆ ಪಂಚಾಯತಿನಲ್ಲಿ ಪ್ರಶ್ನೆ ಕೇಳುವ ನಾಗರಿಕನಾಗುತ್ತದೆ. ತೋಟವನ್ನೇ ಅರಿಯದವನು ಏನೆಂದು ಕೇಳಿಯಾನು?

‘ನಮ್ಮ ಮಗ ಇಂಜಿನಿಯರ್ ಆಗಬೇಕು, ಹಾಳೆ ಹೆಕ್ಕುವುದೇಕೆ?’ ಎನ್ನುವ ತಾಯಿತಂದೆಯರಿದ್ದಾರೆ. ಆಗಲಿ, ಇಂಜಿನಿಯರ್ ಆಗಲಿ, ಗಲ್ಫಿಗೂ ಹೋಗಲಿ. ಎಲ್ಲಿಗೆ ಹೋದರೂ ದಿನಕ್ಕೆ ಮೂರು ಹೊತ್ತು ಉಣ್ಣಲೇಬೇಕಲ್ಲವೇ? ಉಣ್ಣುವ ಅನ್ನ ಯಾರ ಬೆವರಿನದೆಂದು ಬಲ್ಲವನು ಅಡಿಕೆ ಮರ ಏರುವವನನ್ನೂ ನೇಜಿ ನೆಡುವ ಅಕ್ಕನನ್ನೂ ಗೌರವದಿಂದ ಮಾತನಾಡಿಸುತ್ತಾನೆ. ಆ ಮರ್ಯಾದೆ ಯಾವ ಪಠ್ಯಪುಸ್ತಕದಿಂದಲೂ ಬರುವುದಿಲ್ಲ.

ಪ್ರಿಯರೇ, ಈ ಕೆಲಸಕ್ಕೆ ಸಮಿತಿ ಬೇಡ, ಚಂದಾ ಬೇಡ. ಬರುವ ಆದಿತ್ಯವಾರ ಪೂಜೆಯ ನಂತರ ಮಗುವಿನ ಕೈಹಿಡಿದು ಹತ್ತಿರದ ತೋಟಕ್ಕೆ ನಡೆಯಿರಿ. ಒಂದು ಗಿಡವನ್ನು ಅದಕ್ಕೆ ತೋರಿಸಿ, ‘ಇದನ್ನು ನೆನಪಿಟ್ಟುಕೋ, ಮೂರು ತಿಂಗಳ ಮೇಲೆ ಮತ್ತೆ ಬರೋಣ’ ಎನ್ನಿರಿ. ಹೇಳಿದ ಮಾತಿನಂತೆ ಮತ್ತೆ ಹೋಗಿರಿ.